ಮುಚ್ಚಿದ ನಡೆ

ಹಟ್ಟಿ ಚಿನ್ನದ ಗಣಿ, ರಿಕ್ರಿಯೇಶನ್ ಕ್ಲಬ್ಬು.
ಕೇರಂ ಬೋರ್ಡು ಗೋಡೆಗೆ ಒರಗಿಸಿ ಜಾಗ ಮಾಡಿದ್ದೆವು
ಚೆಸ್ ಫೈನಲ್ಲಿಗೆ.
ನಾನು ಟೈಂ ಆಫೀಸಿನ ಗುಮಾಸ್ತ, ಬಿಲ್ಲೆ ಎಣಿಸುವವ;
ಎಣಿಸಲು ಬರುತ್ತದೆಂದು ನನ್ನನ್ನೇ ತೀರ್ಪುಗಾರ ಮಾಡಿದರು.

ಜೋಡಿ ಗಡಿಯಾರ ಎಲ್ಲಿಂದ ತರೋದು?
ಕ್ಯಾಂಟೀನಿನದೊಂದು ಅಲಾರಂ, ನಮ್ಮ ಮನೆಯದೊಂದು.
ನಮ್ಮದು ಗಂಟೆಗೆ ಎರಡು ನಿಮಿಷ ಮುಂದೋಡುತ್ತಿತ್ತು,
ಅದು ಯಾರ ಪಾಲಿಗೆಂದು ನಾಣ್ಯ ಚಿಮ್ಮಿದೆವು.

ಈ ಕಡೆ ಮುರ್ತುಜಾಸಾಬ, ಸುರಂಗಕ್ಕೆ ಮರದ ಆನಿಕೆ ಕೊಡುವವ,
ಬಲಗೈ ಹೆಬ್ಬೆರಳಿಗೆ ಉಗುರಿಲ್ಲ.
ಆ ಕಡೆ ವಾದಿರಾಜ, ಅಸೇ ಲ್ಯಾಬಿನಲ್ಲಿ
ಉಸಿರು ಬಿಗಿಹಿಡಿದು ಚಿನ್ನದ ಕಣ ತೂಗುವವ.
ಒಬ್ಬ ಕಾಯಿಯನ್ನು ತೊಲೆಯಂತೆ ಊರುತ್ತಿದ್ದ,
ಇನ್ನೊಬ್ಬ ಚಿಮಟದಲ್ಲಿ ಹಿಡಿದಂತೆ ಎತ್ತುತ್ತಿದ್ದ.

ನಲವತ್ತೊಂದನೆ ನಡೆ. ಮುರ್ತುಜಾನ ಸರದಿ.
ಅಷ್ಟರಲ್ಲಿ ರಾತ್ರಿಪಾಳಿಯ ಸೈರನ್ನು.

ಮದ್ರಾಸಿನಿಂದ ಅಂಚೆಯಲ್ಲಿ ತರಿಸಿದ ನಿಯಮದ ಪುಸ್ತಕ ತೆಗೆದೆ:
ಆಟ ನಿಲ್ಲಿಸುವುದಾದರೆ ಮುಂದಿನ ನಡೆ ಬರೆದು
ಲಕೋಟೆಯಲ್ಲಿಟ್ಟು ಅಂಟಿಸತಕ್ಕದ್ದು.
ಜಗಜಟ್ಟಿಗಳ ಪಂದ್ಯದಲ್ಲಿ ಆ ಲಕೋಟೆ
ತಿಜೋರಿಯಲ್ಲಿ ಮಲಗುತ್ತದಂತೆ.
ತಿಜೋರಿ ನಮ್ಮಲ್ಲೂ ಇತ್ತು. ಬಂಗಾರಕ್ಕೆ.

ಅವನು ಗೋಡೆಗೆ ತಿರುಗಿ ಬರೆದ, ಎಂಜಲು ಹಚ್ಚಿ ಅಂಟಿಸಿದ,
ಹೆಲ್ಮೆಟ್ಟು ಏರಿಸಿ, ಮುನ್ನೂರ ಹದಿನೇಳರ ಬಿಲ್ಲೆ ಒಯ್ದು
ಇಳಿದುಹೋದ.
ಲಕೋಟೆಯನ್ನು ಅವನ ಖಾಲಿ ಕೊಕ್ಕೆಗೇ ಸಿಕ್ಕಿಸಿದೆ.

ಈಗ ಹೇಳಬಹುದು: ನಡುರಾತ್ರಿ ಅದನ್ನು ಬಲ್ಬಿಗೆ ಹಿಡಿದೆ.
ತೀರ್ಪುಗಾರನಾದವನು ಮಾಡಬಾರದ ಕೆಲಸ.
ಕಂಡದ್ದು ಬಲದಿಂದ ಎಡಕ್ಕೆ ಹರಿವ ಉರ್ದು,
ನನಗೆ ಬಾರದ್ದು.
ನಾಚಿ, ಬೋರ್ಡಿನ ಮುಂದೆ ಕೂತೆ ಬೆಳಗಿನತನಕ;
ಎತ್ತ ನಡೆಸಿದರೂ ಡ್ರಾ.

ಆರಕ್ಕೆ ಪಾಳಿ ಮೇಲೆ ಬರಬೇಕು.
ಬರಲಿಲ್ಲ.
ಹಗ್ಗ ಕಚ್ಚಿಕೊಂಡಿದೆ, ಕೆಳಗೆ ಬಂಡೆ ಕುಸಿದಿದೆ,
ಫೋನು ಸತ್ತಿದೆ: ಒಬ್ಬೊಬ್ಬರ ಬಾಯಲ್ಲಿ ಒಂದೊಂದು.
ಹನ್ನೆರಡು ಕೊಕ್ಕೆ ಖಾಲಿ. ಎಣಿಸಿದೆ. ಮತ್ತೆ ಎಣಿಸಿದೆ.

ಎಂಟಕ್ಕೆ ವಾದಿರಾಜ ಬಂದು ತನ್ನ ಕುರ್ಚಿಯಲ್ಲಿ ಕೂತ,
ಹಣೆಯ ಅಂಗಾರ ಇನ್ನೂ ಹಸಿ.
"ತೆಗೀರಿ ಲಕೋಟಿ."
"ಅಂವ ಬರಲಿ."
"ಅಂವ ಬರೋ ಗರಜಿಲ್ಲ. ಉತ್ತರ ಕೊಡಾಂವ ನಾನು, ನಾ ಬಂದೀನಿ.
ನಿಮ್ಮ ಪುಸ್ತಕದಾಗೇ ಅದ."

ಹರಿದೆ. ಓದಬಲ್ಲವನು ಆ ಕೋಣೆಯಲ್ಲಿ
ಅವನೊಬ್ಬನೇ, ನಿಜಾಮನ ಕಾಲದ ಶಾಲೆ ಕಲಿತವ.
ಸೋಲಬಹುದಾದವನ ಕೈಗೇ ಚೀಟಿ ಕೊಟ್ಟೆ.

ತುಂಬ ಹೊತ್ತು ನೋಡಿದ.
ಒಂದು ಸಾಲಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.
"ಪ್ಯಾದೆ," ಅಂದ, "ಆರರಿಂದ ಏಳಕ್ಕ.
ಆನಿ ಹೋದ್ರ ಹೋಗ್ಲಿ ಅಂದಾನ."
ರಾತ್ರಿಯೆಲ್ಲ ನನಗೆ ಹೊಳೆಯದ ನಡೆ.
ಆನೆ ಬಲಿ; ಪ್ಯಾದೆ ಎಂಟನೆ ಮನೆಗೆ; ಆಮೇಲೆ ಅದು ಪ್ಯಾದೆಯಲ್ಲ.
ತನ್ನ ರಾಜನನ್ನು ತಾನೇ ಮಲಗಿಸಿ
"ಬರಕೊಳ್ರಿ, ಗೆದ್ದ ಅಂತ" ಅಂದವನೇ
ಶಾಫ್ಟಿನ ಕಡೆ ನಡೆದ, ಚಪ್ಪಲಿ ಮರೆತು.

ಹನ್ನೊಂದೂಕಾಲಿಗೆ ಕೇಜು ಮೇಲೆ ಬಂತು.
ಹನ್ನೆರಡು ಬಿಲ್ಲೆ. ಒಂದೂ ಕಡಿಮೆಯಿಲ್ಲ.
ಹುಬ್ಬಿನವರೆಗೆ ಬೂದಿಬಣ್ಣದ ಮುರ್ತುಜಾ
ಬೋರ್ಡಿನ ಮುಂದೆ ನಿಂತ.
ಏಳನೆ ಮನೆಯ ಪ್ಯಾದೆ ನೋಡಿದ.
ವಾದಿರಾಜನ್ನ ನೋಡಿದ.
ವಾದಿರಾಜ ಕಿಟಕಿ ನೋಡಿದ.
"ಚಾ ಐತೇನು?" ಅಂದ ಮುರ್ತುಜಾ, ಅಷ್ಟೇ.

ಆಟ ಮುಗಿದರೆ ಮಾತ್ ಅನ್ನುತ್ತಾರೆ.
ಒಂದು ಉಕಾರ ಸೇರಿಸಿದರೆ ನಮ್ಮ ಮಾತು.
ಅವರಿಬ್ಬರೂ ಆ ಉಕಾರ ಸೇರಿಸಲೇ ಇಲ್ಲ,
ಮುಂದೆ ಇಪ್ಪತ್ತು ವರ್ಷ ಒಂದೇ ಬೆಂಚಿನಲ್ಲಿ ಚಾ ಕುಡಿದರೂ.

ಇಬ್ಬರೂ ಈಗಿಲ್ಲ. ಚೀಟಿ ನನ್ನ ಪಿಂಚಣಿ ಪುಸ್ತಕದಲ್ಲಿದೆ,
ಮಡಿಕೆಯಲ್ಲಿ ಸವೆದು.
ಮನೆಯೆದುರಿಗೇ ಉರ್ದು ಶಾಲೆ. ಮಧ್ಯಾಹ್ನ ಬಿಟ್ಟಾಗ
ಮೂರನೆ ಇಯತ್ತೆಯ ಹುಡುಗಿಯೊಬ್ಬಳು ನೀರಿಗೆ ಬರುತ್ತಾಳೆ.
ತೋರಿಸಿದರೆ ಗಟ್ಟಿಯಾಗಿ ಓದಿಬಿಡುತ್ತಾಳೆ, ಒಂದೇ ಉಸಿರಿಗೆ.

ಚೊಂಬು ತುಂಬಿಸಿ ಕೊಡುತ್ತೇನೆ.